ಯಂತ್ರಶಾಸ್ತ್ರದಿಂದ ನ್ಯಾಯಶಾಸ್ತ್ರಕ್ಕೆ

ಶ್ರೀಮಠದ ಪ್ರಸಾದನಿಲಯದಲ್ಲಿ ಉಂಡು, ಓದಿ, ಬದುಕಿನ ದಾರಿ ಹಿಡಿದ ನಾವು ಕೆಲವರು ನಮ್ಮ ವೃತ್ತಿಯ ಅನುಭವಗಳನ್ನು ಈ ಪತ್ರಿಕೆಯ ವಾಚಕರ ಮುಂದಿಡಬೇಕೆಂದು ಸಂಪಾದಕ ಮಹಾಶಯರು ಹಲವು ಸಲ ಸೂಚಿಸಿದ್ದುಂಟು. ವೈದ್ಯ ಮಿತ್ರರು ಬರೆದರು, ಅಧ್ಯಾಪಕ ಮಿತ್ರರು ಬರೆದರು, ಒಕ್ಕಲುತನ ಮಾಡುವ ಹಿರಿಯರೊಬ್ಬರು ಎಲ್ಲರಿಗಿಂತ ಚೆನ್ನಾಗಿ ಬರೆದರು. ನನ್ನ ಸರದಿ ಬಂದಾಗ ನಾನು ಹಿಂದೆಮುಂದೆ ನೋಡಿದ್ದಕ್ಕೆ ಕಾರಣವಿದೆ. ನನ್ನ ಉದ್ಯೋಗಕ್ಕೆ ನಮ್ಮ ಕಡೆ ಇನ್ನೂ ಸರಿಯಾದ ಹೆಸರಿಲ್ಲ. 11 ವರ್ಷ ಇಂಜಿನಿಯರನಾಗಿ ದುಡಿದು, ಆಮೇಲೆ ಕಾನೂನು ಓದಿ, ಯಂತ್ರ, ಗಣಕ, ಪೇಟೆಂಟು, ಸರಕಿನ ಹೆಸರು ಇವುಗಳಿಗೆ ಸಂಬಂಧಿಸಿದ ವ್ಯಾಜ್ಯಗಳನ್ನೇ ಹೆಚ್ಚಾಗಿ ನಡೆಸುವವನು ನಾನು. ಇಂಥ ಕೆಲಸದಲ್ಲಿ ವಿಶೇಷ ಪರಿಣತನೆಂದು ವಕೀಲನಾದವನು ತನ್ನ ಫಲಕದ ಮೇಲೆ ಬರೆಸುವಂತಿಲ್ಲ. ಬಾರ್ ಕೌನ್ಸಿಲಿನ ನಿಯಮ ಅದನ್ನು ನಿಷೇಧಿಸುತ್ತದೆ. ಆದುದರಿಂದ ಬಾಗಲಕೋಟೆಯ ನವನಗರದಲ್ಲಿರುವ ನನ್ನ ಕಚೇರಿಯ ಮುಂದೆ ಹೆಸರು ಮತ್ತು 'ವಕೀಲರು' ಎಂಬ ಪದವಷ್ಟೇ ಇವೆ. ಜನ ಮಾತ್ರ ತಾವೇ ಒಂದು ಹೆಸರಿಟ್ಟಿದ್ದಾರೆ: 'ಮಿಶಿನ್ ವಕೀಲರು'. ಮೊದಮೊದಲು ಒಬ್ಬಿಬ್ಬರು ಸುಟ್ಟ ಪಂಪಿನ ಮೋಟಾರು ಹೊತ್ತು ತಂದದ್ದೂ ಉಂಟು.

ನಾನು ಯಂತ್ರಶಾಸ್ತ್ರ ಕಲಿತದ್ದು ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿನಲ್ಲಿ. 1906ರಲ್ಲಿ ಸ್ಥಾಪಿತವಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು 1963ರಲ್ಲಿ ಆ ಕಾಲೇಜನ್ನು ತೆರೆಯದಿದ್ದರೆ ನನ್ನಂಥ ಎಷ್ಟೋ ಹುಡುಗರು ಇಂಜಿನಿಯರಿಂಗ್ ಎಂಬ ಶಬ್ದವನ್ನು ಕಿವಿಯಲ್ಲಿ ಕೇಳಿ ಸುಮ್ಮನಿರುತ್ತಿದ್ದರು. ಅಲ್ಲಿ ನನಗೆ ಬಹಳ ಹಿಡಿಸಿದ ವಿಷಯ ನಕ್ಷೆ ಬರೆಯುವುದು. ಕಣ್ಣಿಗೆ ಕಾಣುವ ಒಂದು ವಸ್ತುವನ್ನು ಮೇಲಿನಿಂದ, ಮುಂದಿನಿಂದ, ಪಕ್ಕದಿಂದ ನೋಡಿ, ಅದನ್ನು ಎಂದೂ ಕಾಣದ ಒಬ್ಬ ಕೆಲಸಗಾರನು ಬರೀ ಹಾಳೆ ನೋಡಿ ಮಾಡಿಕೊಡುವಂತೆ ವರ್ಣಿಸುವುದು ಸಣ್ಣ ವಿದ್ಯೆಯಲ್ಲ. ಮುಂದೆ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಗುಣಪರೀಕ್ಷೆಯ ವಿಭಾಗಕ್ಕೆ ಸೇರಿದೆ. ಅಲ್ಲಿ ನನ್ನ ಕೆಲಸ ಒಂದೇ: ನಕ್ಷೆಯಲ್ಲಿ ಹೇಳಿದ ಅಳತೆಗೂ ಬಂದ ತುಂಡಿಗೂ ಅಂತರವೆಷ್ಟೆಂದು ನೋಡುವುದು. ಮಿಲಿಮೀಟರಿನ ನೂರರಲ್ಲೊಂದು ಪಾಲಿನ ಲೆಕ್ಕ. ಅಂತರ ಮೀರಿದರೆ ಕೆಂಪು ಬಣ್ಣ ಬಳಿದು ಆಚೆಗಿಡುವುದು. ಒಂದು ತುಂಡು ಇನ್ನೊಂದರಂತೆಯೇ ಇರಬೇಕು, ಸಾವಿರದ ತುಂಡು ಮೊದಲನೆಯದರಂತೆಯೇ ಇರಬೇಕು, ಇದು ನಮ್ಮ ವೇದವಾಕ್ಯ. ಈ ಮಾತನ್ನು ವಾಚಕರು ದಯವಿಟ್ಟು ಲಕ್ಷ್ಯದಲ್ಲಿಡಬೇಕು. ಮುಂದೆ ಇಳಕಲ್ಲಿನ ಪ್ರಸಂಗದಲ್ಲಿ ಇದು ತಿರುಗುಮುರುಗಾಗುತ್ತದೆ.

ನ್ಯಾಯಾಲಯದ ಕಡೆಗೆ ನನ್ನನ್ನು ಎಳೆದದ್ದು ನಮ್ಮ ತಂದೆಯವರ ಮನೆ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಹೋದವಲ್ಲ, ಅವುಗಳಲ್ಲಿ ನಮ್ಮ ಮನೆಯೂ ಒಂದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆ ಅಣೆಕಟ್ಟು ಮುಗಿದು 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಂದ ನಾಡಿಗೆ ಅರ್ಪಿತವಾಯಿತು. 519.60 ಮೀಟರು, 524.256 ಮೀಟರು ಎಂಬ ಎರಡು ಅಂಕೆಗಳು ನಮ್ಮ ಜಿಲ್ಲೆಯ ಶಾಲಾಮಕ್ಕಳಿಗೂ ಬಾಯಿಪಾಠ. ಮೊದಲನೆಯದು ಸರ್ವೋಚ್ಚ ನ್ಯಾಯಾಲಯ 2000ದಲ್ಲಿ ಮಿತಿಗೊಳಿಸಿದ ಮಟ್ಟ, ಎರಡನೆಯದು ಎರಡನೇ ಕೃಷ್ಣಾ ನ್ಯಾಯಾಧಿಕರಣ 2010ರಲ್ಲಿ ಒಪ್ಪಿದ ಮಟ್ಟ. ಇಂಜಿನಿಯರನ ಒಂದು ಅಂಕೆ ನ್ಯಾಯಾಧೀಶನ ಒಂದು ವಾಕ್ಯದಲ್ಲಿ ಕುಳಿತರೆ ಎಷ್ಟು ಮನೆಗಳ ಹಣೆಬರಹ ಬದಲಾಗುತ್ತದೆಂಬುದನ್ನು ಈ ಊರಿಗಿಂತ ಚೆನ್ನಾಗಿ ಬಲ್ಲವರು ಯಾರು! ಪರಿಹಾರದ ಮೊತ್ತ ಹೆಚ್ಚಿಸಬೇಕೆಂದು ತಂದೆಯವರು ಹೂಡಿದ ಪ್ರಕರಣದ ಕಡತವನ್ನು ರಜೆಯಲ್ಲಿ ಬಂದಾಗ ನೋಡಿದೆ. ಮನೆಯ ವರ್ಣನೆ ಒಂದೇ ಸಾಲಿನಲ್ಲಿ ಮುಗಿದಿತ್ತು. ನಮ್ಮ ಪರವಾಗಿದ್ದ ಹಿರಿಯ ವಕೀಲರು, "ತಮ್ಮಾ, ನೀ ಇಂಜಿನಿಯರು. ಮನಿ ಹೆಂಗೈತಿ ಅಂತ ಸಾಹೇಬರಿಗೆ ಕಾಣೂವಂಗ ಬರದುಕೊಡು" ಎಂದರು. ಎರಡು ದಿನ ಕುಳಿತು ಕಂಬ, ತೊಲೆ, ಜಂತಿಗಳ ಉದ್ದಗಲ, ಪಡಸಾಲೆಯ ಕಲ್ಲುಹಾಸು, ಗೋಡೆಯ ದಪ್ಪ, ಮತ್ತು ಮೇಲಿನಿಂದ ನೋಡುವವರಿಗೆ ಕಾಣದೆ ನೆಲದೊಳಗಿದ್ದ ಜೋಳದ ಹಗೇವು ಇವೆಲ್ಲವನ್ನೂ ನಕ್ಷೆ ಸಹಿತ ಬರೆದೆ. ಮೊತ್ತ ಹೆಚ್ಚಾಯಿತು. ಹಣಕ್ಕಿಂತ ಹೆಚ್ಚಾಗಿ ತೀರ್ಪಿನ ಪ್ರತಿಯಲ್ಲಿ 'ಹಗೇವು' ಎಂಬ ಶಬ್ದವನ್ನು ಕಂಡು ತಂದೆಯವರು ಸಂತೋಷಪಟ್ಟರು. ಮನೆ ನೀರಿನೊಳಗೆ ಹೋಯಿತು. ಅದರ ವರ್ಣನೆ ನ್ಯಾಯಾಲಯದ ದಫ್ತರದಲ್ಲಿದೆ. ಅದೇ ವರ್ಷ ನಾನು ಸಂಜೆಯ ಕಾನೂನು ಕಾಲೇಜಿಗೆ ಹೆಸರು ಹಚ್ಚಿದೆ.

ಇಂಜಿನಿಯರನು ಕಾನೂನಿಗೆ ಬರುವುದು ನಮ್ಮ ದೇಶದಲ್ಲಿ ಹೊಸದೇನೂ ಅಲ್ಲವೆಂಬುದು ಆಮೇಲೆ ತಿಳಿಯಿತು. ಹಿಂದೂಸ್ಥಾನದಲ್ಲಿ ಆವಿಷ್ಕಾರಗಳ ರಕ್ಷಣೆಗೆ ಮೊದಲ ಕಾಯಿದೆ ಬಂದದ್ದು 1856ರಲ್ಲಿ. ಆ ವರ್ಷದ ಮಾರ್ಚ್ 3ರಂದು ಮೊದಲ ಅರ್ಜಿ ಸಲ್ಲಿಸಿದವರು ಕಲಕತ್ತೆಯ ಗ್ರ್ಯಾಂಟ್ ಲೇನಿನಲ್ಲಿದ್ದ ಜಾರ್ಜ್ ಆಲ್ಫ್ರೆಡ್ ಡಿಪೆನ್ನಿಂಗ್ ಎಂಬ ಸಿವಿಲ್ ಇಂಜಿನಿಯರರು. ಅವರು ಕೇಳಿದ ರಕ್ಷಣೆ ಪಂಖಾ ಎಳೆಯುವ ಒಂದು ಯಂತ್ರಕ್ಕೆ. ಅವರ ಹೆಸರಿನ ಪೇಟೆಂಟ್ ವಕೀಲಿ ಸಂಸ್ಥೆ ತನ್ನ ಹುಟ್ಟನ್ನು ಅದೇ ವರ್ಷದಿಂದ ಎಣಿಸುತ್ತ ಇಂದಿಗೂ ಚೆನ್ನೈಯಲ್ಲಿ ನಡೆದಿದೆ. ಆ ಯಂತ್ರದಿಂದ ಕೆಲಸ ಕಳೆದುಕೊಳ್ಳಬಹುದಾಗಿದ್ದ ಪಂಖಾ ಎಳೆಯುವ ಕೂಲಿಯವನ ಹೆಸರಿಗೆ ಅಂಥ ಅರ್ಜಿಗಳಲ್ಲಿ ಅಂಕಣವಿರುವುದಿಲ್ಲ, ಇರಲು ಕಾಯಿದೆಯ ಪ್ರಕಾರ ಕಾರಣವೂ ಇಲ್ಲ. ಆದರೂ ಆ ಮೊದಲ ಪೇಟೆಂಟಿನ ಕಥೆ ಓದಿದಾಗಲೆಲ್ಲ ನನ್ನ ಮನಸ್ಸು ಅವನ ಕಡೆಗೇ ಹೋಗುತ್ತದೆ.

ಈಗಿರುವ ಪೇಟೆಂಟ್ ಕಾಯಿದೆ 1970ರದು. ಜಾರಿಗೆ ಬಂದದ್ದು 1972ರ ಏಪ್ರಿಲ್ 20ರಂದು. ಪೇಟೆಂಟ್ ಏಜೆಂಟರ ಪರೀಕ್ಷೆಗೆ ಕೂಡಬೇಕಾದವನು ವಿಜ್ಞಾನ, ಇಂಜಿನಿಯರಿಂಗ್ ಇಲ್ಲವೆ ತಂತ್ರಜ್ಞಾನದ ಪದವಿ ಪಡೆದಿರಬೇಕೆಂದು ಅದರ 126ನೆಯ ಕಲಮು ಹೇಳುತ್ತದೆ. ಬರೀ ಕಾನೂನು ಪದವಿ ಸಾಲದು. ನಮ್ಮ ಹುಡುಗರಿಗೆ ಇದು ಗೊತ್ತಿಲ್ಲ. ಇಂಜಿನಿಯರಿಂಗ್ ಮುಗಿಸಿ ಕೆಲಸವಿಲ್ಲವೆಂದು ಕುಳಿತವರಿಗೆ ನಾನು ಈ ಕಲಮನ್ನು ಓದಿ ಹೇಳುತ್ತಿರುತ್ತೇನೆ.

ಬಾದಾಮಿ ತಾಲೂಕಿನ ಒಬ್ಬ ರೈತರ ವಿಷಯ ಹೇಳಿದರೆ ಈ ಕೆಲಸದ ಸ್ವರೂಪ ತಿಳಿದೀತು. ಉಳ್ಳಾಗಡ್ಡಿಯ ಬೀಜ ಒತ್ತಾಗಿ ಬೀಳದಂತೆ ಕೂರಿಗೆಯ ಬಟ್ಟಲಿಗೆ ಒಂದು ಸಣ್ಣ ಚಕ್ರ ಜೋಡಿಸಿ ಅವರು ಒಂದು ಉಪಾಯ ಮಾಡಿದ್ದರು. ನೋಡಿ ನನಗೆ ನಿಜವಾಗಿಯೂ ಹೆಮ್ಮೆಯೆನಿಸಿತು. ನಮ್ಮ ಕಾರ್ಖಾನೆಯ ಸಂಶೋಧನಾ ವಿಭಾಗದಲ್ಲಿ ಅಷ್ಟು ಸರಳವಾದದ್ದು ಹೊಳೆಯುತ್ತಿರಲಿಲ್ಲ. ಪೇಟೆಂಟು ಬೇಕೆಂದರು. ಇದನ್ನು ಯಾರಿಗಾದರೂ ತೋರಿಸಿದ್ದೀರಾ ಎಂದು ಕೇಳಿದೆ. "ಎರಡು ವರ್ಷ ಆತ್ರೀ, ಬನಶಂಕರಿ ಜಾತ್ರ್ಯಾಗ ಇಟ್ಟಿದ್ದೆ. ಮಂದಿ ಫೋನಿನ್ಯಾಗ ಪಿಚ್ಚರ್ ತಗೊಂಡು ಹೋದ್ರು" ಎಂದರು. ಅಲ್ಲಿಗೆ ಪೇಟೆಂಟಿನ ಮಾತು ಮುಗಿಯಿತು. ಅರ್ಜಿ ಹಾಕುವ ಮೊದಲೇ ಲೋಕಕ್ಕೆ ತಿಳಿದದ್ದು ಕಾಯಿದೆಯ ದೃಷ್ಟಿಯಲ್ಲಿ ಹೊಸದಲ್ಲ. ಸರ್ಕಾರ ಅಧಿಸೂಚಿಸಿದ ಪ್ರದರ್ಶನಗಳಿಗೆ ಇರುವ ಒಂದು ರಿಯಾಯಿತಿ ನಮ್ಮ ಜಾತ್ರೆಗಳಿಗೆ ಅನ್ವಯಿಸುವುದಿಲ್ಲ. ಅವರು ಬೇಸರಪಡಲಿಲ್ಲ. ಎಲ್ಲರೂ ಮಾಡಿಕೊಳ್ಳಲಿ, ಆದರೆ ನಾಳೆ ಯಾವನೋ ಕಂಪನಿಯವನು ಇದು ತನ್ನದೆಂದು ನನಗೇ ನೋಟೀಸು ಕೊಟ್ಟರೆ ಹೇಗೆ ಎಂದಷ್ಟೇ ಕೇಳಿದರು. ಆಗ ಅವರ ಜಾತ್ರೆಯೇ ಅವರ ಕೈಹಿಡಿಯಿತು. ಅವರಿಗೆ ಹೊಸದಲ್ಲದ್ದು ಇನ್ನೊಬ್ಬನಿಗೂ ಹೊಸದಾಗಲಾರದು. ಅಮೆರಿಕದಲ್ಲಿ ಅರಿಷಿಣದ ಗಾಯ ಮಾಗಿಸುವ ಗುಣಕ್ಕೆ 1995ರಲ್ಲಿ ಕೊಟ್ಟಿದ್ದ ಪೇಟೆಂಟನ್ನು ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು ಹಳೆಯ ಗ್ರಂಥಗಳನ್ನು ಮುಂದಿಟ್ಟು 1997ರಲ್ಲಿ ರದ್ದುಮಾಡಿಸಿದ್ದು ಇದೇ ತತ್ತ್ವದ ಮೇಲೆ. ಜಾತ್ರೆಯಲ್ಲಿ ತೆಗೆದ ಚಿತ್ರಗಳನ್ನು ಕಲೆಹಾಕಿ, ತಾರೀಖು ಸಹಿತ ಅಫಿಡವಿಟ್ ಮಾಡಿ, ಕೂರಿಗೆಯ ನಕ್ಷೆ ಬರೆದು ಅವರ ಕೈಗಿತ್ತೆ. ಯಾರಾದರೂ ಪೇಟೆಂಟು ಕೇಳಿದ ದಿನ ಅದು ವಿರೋಧಕ್ಕೆ ಬೇಕಾದ ಅಸ್ತ್ರ. ಅದಕ್ಕೆ ಅವರು ಕೊಟ್ಟ ಫೀಸು ಒಂದು ಚೀಲ ಉಳ್ಳಾಗಡ್ಡಿ.

ಇನ್ನು ಇಳಕಲ್ಲಿನ ಸೀರೆಯ ಕಡೆಗೆ ಬರುತ್ತೇನೆ. ಪೇಟೆಂಟು ಒಬ್ಬನ ಬುದ್ಧಿಗೆ ಸಿಗುವ ರಕ್ಷಣೆ. ಒಂದು ಊರಿನ ಕೈಗಳಿಗೆಲ್ಲ ಸೇರಿದ ವಿದ್ಯೆಗೆ ರಕ್ಷಣೆ ಯಾವುದು? ಒಂದು ಊರಿನ ಹೆಸರನ್ನು ಅನೇಕರು ಕೂಡಿ ಹೊತ್ತು, ಅದರ ಮಾನ ಕಾಯುವುದು ನಮ್ಮ ನೆಲಕ್ಕೆ ಹೊಸದಲ್ಲ. ಹುನಗುಂದ ತಾಲೂಕಿನ ಐಹೊಳೆಯ ಹೆಸರು ಹೊತ್ತ 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕ ಸಂಘದ ಶಾಸನಗಳು ದಕ್ಷಿಣದ ತುಂಬ ಹರಡಿವೆ. ಕೈಕೆಲಸದವನ ಹೆಸರನ್ನು ಬರೆದಿಡುವ ಪದ್ಧತಿಯೂ ಇತ್ತು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ ಕಟ್ಟಿದ ಗುಂಡ ಅನಿವಾರಿತಾಚಾರ್ಯನ ಹೆಸರು ಕಲ್ಲಿನಲ್ಲಿ ಉಳಿದಿದೆ. ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರಲ್ಲಿ ಮಂಗಳೇಶ ಬರೆಸಿದ ಶಾಸನದ ಮುಂದೆ ನಿಂತಾಗ, ವಕೀಲನಾದ ಮೇಲೆ ನನಗೆ ಬೇರೆಯೇ ಭಾವ ಬರುತ್ತದೆ. ಏನು ಕೊಟ್ಟೆವು, ಯಾವುದಕ್ಕೆ ಕೊಟ್ಟೆವು ಎಂಬುದನ್ನು ಅಳಿಸಲಾಗದಂತೆ ಬರೆದ ದಸ್ತಾವೇಜು ಅದು.

ನಮ್ಮ ಕಾಲದ ದಸ್ತಾವೇಜಿಗೆ ಭೌಗೋಳಿಕ ಸೂಚಿಕೆ ಎಂದು ಹೆಸರು. ಜನ ಜಿಐ ಎನ್ನುತ್ತಾರೆ. ಇದರ ಕಾಯಿದೆ 1999ರಲ್ಲಿ ಆಗಿ 2003ರ ಸೆಪ್ಟೆಂಬರ್ 15ರಂದು ಜಾರಿಗೆ ಬಂತು. ನೋಂದಣಿ ಕಚೇರಿ ಚೆನ್ನೈಯಲ್ಲಿದೆ. ಡಾರ್ಜಿಲಿಂಗ್ ಚಹಾ ಮೊದಲನೆಯ ಸಂಖ್ಯೆ ಪಡೆದರೆ ನಮ್ಮ ಇಳಕಲ್ಲ ಸೀರೆಯದು 76ನೆಯ ಸಂಖ್ಯೆ. ಮೈಸೂರು ರೇಷ್ಮೆ, ಬೀದರಿನ ಬಿದ್ರಿ, ಚನ್ನಪಟ್ಟಣದ ಗೊಂಬೆ, ನವಲಗುಂದದ ಜಮಖಾನೆ, ಧಾರವಾಡ ಪೇಡೆ, ಬ್ಯಾಡಗಿ ಮೆಣಸಿನಕಾಯಿ ಇವೂ ಆ ಪಟ್ಟಿಯಲ್ಲಿವೆ. ಪಟ್ಟಿಗೆ ಸೇರಿದ ದಿನ ಪತ್ರಿಕೆಗಳಲ್ಲಿ ಸುದ್ದಿ ಬರುತ್ತದೆ, ಸನ್ಮಾನವಾಗುತ್ತದೆ. ಅಲ್ಲಿಂದ ಮುಂದೆ ಏನಾಗುತ್ತದೆಂದು ಕೇಳುವವರು ಕಡಿಮೆ.

ಇಳಕಲ್ಲಿನ ಸೀರೆಯನ್ನು ಇಳಕಲ್ಲಿನದೆನಿಸುವುದು ಯಾವುದು? ಬಣ್ಣವೆ, ದಡಿಯೆ? ಗೋಮಿ, ಪರಾಸಪೇಟಿ, ಗಾಡಿ ದಡಿಗಳನ್ನು ಯಾರಾದರೂ ನಕಲು ಮಾಡಬಹುದು. ಸೆರಗಿನ ಮೇಲಿನ ಕೆಂಪು ಬಿಳಿಯ ಪಟ್ಟಿ, ನಮ್ಮ ತಾಯಂದಿರು ಟೋಪು ತೆನಿ ಎಂದು ಹೇಳುವ ಆ ಸೆರಗನ್ನು ಮೇಲುನೋಟಕ್ಕೆ ಅಚ್ಚು ಹಾಕಿಯೂ ಮಾಡಬಹುದು. ಜೀವವಿರುವುದು ಕೊಂಡಿಯಲ್ಲಿ. ಬೇರೆ ಕಡೆ ಹಾಸನ್ನು ಉದ್ದಕ್ಕೆ ಸುತ್ತಿ ಒಂದರ ಹಿಂದೆ ಒಂದು ಸೀರೆ ನೇಯುತ್ತ ಹೋಗಬಹುದು. ಇಲ್ಲಿ ಹಾಗಲ್ಲ, ಪ್ರತಿಯೊಂದು ಸೀರೆಗೆ ಬೇರೆ ಹಾಸು. ಒಡಲಿನ ಹಾಸು ಬೇರೆ, ರೇಷ್ಮೆಯ ಸೆರಗಿನ ಹಾಸು ಬೇರೆ. ಸೆರಗಿನ ಉದ್ದ ಹದಿನಾರರಿಂದ ಇಪ್ಪತ್ತೇಳು ಅಂಗುಲ. ಅಷ್ಟು ಗಿಡ್ಡ ಹಾಸಿನ ಒಂದೊಂದು ಎಳೆಯನ್ನೂ ಒಡಲಿನ ಒಂದೊಂದು ಎಳೆಗೆ ಕುಣಿಕೆಯಂತೆ ಸಿಕ್ಕಿಸಿ ಜೋಡಿಸಬೇಕು. ಅದೇ ಕೊಂಡಿ. ಹಾಸೂ ಕೆಂಪು, ಹೊಕ್ಕೂ ಕೆಂಪು ಆದುದರಿಂದಲೇ ನಿಜವಾದ ಸೆರಗಿನ ಕೆಂಪು ಅಷ್ಟು ತುಂಬಿಕೊಂಡು ಕಾಣುತ್ತದೆ. ಕೊಂಡಿಯಿಲ್ಲದ ನಕಲಿನಲ್ಲಿ ಒಡಲಿನ ಬಣ್ಣದ ಎಳೆಗಳೇ ಸೆರಗಿನೊಳಗೂ ಹಾಯುತ್ತವೆ. ಬಿಸಿಲಿಗೆ ಹಿಡಿದರೆ ಗೊತ್ತಾಗುತ್ತದೆ.

2024ರ ದೀಪಾವಳಿಯ ನಂತರ ಇಳಕಲ್ಲಿನಿಂದ ವೃದ್ಧ ದಂಪತಿಗಳು ನನ್ನ ಕಚೇರಿಗೆ ಬಂದರು. ಅವರ ಜೊತೆಗೆ ಅಧಿಕೃತ ಬಳಕೆದಾರರೆಂದು ಜಿಐ ದಫ್ತರದಲ್ಲಿ ಹೆಸರು ಪಡೆದಿದ್ದ ಒಬ್ಬ ನೇಕಾರರಿದ್ದರು. ದೂರದ ಊರಿನ ಒಂದು ಮಾರಾಟ ಸಂಸ್ಥೆ ವಿದ್ಯುತ್ ಮಗ್ಗದಲ್ಲಿ ತೆಗೆದ ಸೀರೆಗಳನ್ನು 'ಅಪ್ಪಟ ಇಳಕಲ್ಲ ಕೈಮಗ್ಗ' ಎಂದು ಅಂತರ್ಜಾಲದಲ್ಲಿ ಮಾರುತ್ತಿತ್ತು. ಬೆಲೆ ಇವರ ಸೀರೆಯ ಮೂರರಲ್ಲೊಂದು ಪಾಲು. ಅಜ್ಜನವರು ಎರಡು ಸೀರೆಗಳನ್ನು ಮೇಜಿನ ಮೇಲಿಟ್ಟು, "ಸಾಹೇಬ್ರ, ಇದರಾಗ ಕೈಯಾಂವಂದು ಯಾವುದು ಅನ್ನೂದನ್ನ ಜಡ್ಜ್ ಸಾಹೇಬ್ರು ಹೆಂಗ ತಿಳಕೋತಾರ?" ಎಂದು ಕೇಳಿದರು. ಪ್ರಶ್ನೆ ಸರಿಯಾಗಿತ್ತು. ತಿಳಿದವರ ಕಣ್ಣಿಗೆ ಕಾಣುವುದು ಬೇರೆ, ದಾವೆಯಲ್ಲಿ ಸಿದ್ಧವಾಗುವುದು ಬೇರೆ.

ಇಂಥ ದಾವೆಯನ್ನು ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ಹೂಡುವಂತಿಲ್ಲ. ಮೊದಲು ಅಂತರ್ಜಾಲದ ಆ ಪುಟವನ್ನು ಸಾಕ್ಷ್ಯವಾಗಿಸಬೇಕು. ಫೋನಿನ ಸ್ಕ್ರೀನ್‌ಶಾಟಿನ ಮುದ್ರಿತ ಪ್ರತಿ ಕೊಟ್ಟರೆ ಆಯಿತೆಂದು ಎಷ್ಟೋ ಜನ ಭಾವಿಸುತ್ತಾರೆ. ವಿಧ್ಯುಕ್ತ ಪ್ರಮಾಣಪತ್ರವಿಲ್ಲದೆ ಇಂಥ ಪ್ರತಿ ಸಾಕ್ಷ್ಯವಾಗದೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿಯೇ ಹೇಳಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಕಾರ ಪ್ರಮಾಣಪತ್ರಕ್ಕೆ ಎರಡು ಭಾಗ: ಒಂದು ಉಪಕರಣ ಯಾರ ವಶದಲ್ಲಿದೆಯೋ ಅವರದು, ಇನ್ನೊಂದು ತಜ್ಞನದು. ಕಡತದ ಹ್ಯಾಶ್ ಸಂಖ್ಯೆಯನ್ನೂ ಅದರಲ್ಲಿ ಕಾಣಿಸಬೇಕು. ಹ್ಯಾಶ್ ಎಂದರೆ ಇಡೀ ಕಡತವನ್ನು ಒಂದು ಗಣಿತಕ್ರಮಕ್ಕೆ ಒಳಪಡಿಸಿದಾಗ ಬರುವ ಮೊತ್ತ; ಒಂದು ಅಕ್ಷರ ತಿದ್ದಿದರೂ ಮೊತ್ತ ಬದಲಾಗುತ್ತದೆ. ಹಿಂದೆ ಅರಗಿನ ಮುದ್ರೆ ಮಾಡುತ್ತಿದ್ದ ಕೆಲಸವನ್ನು ಈಗ ಈ ಅಂಕೆ ಮಾಡುತ್ತದೆ. ನಮ್ಮ ತಾಲೂಕು ನ್ಯಾಯಾಲಯಗಳ ಹಿರಿಯ ವಕೀಲರು ಕೆಲವರು ಇದಕ್ಕಾಗಿ ನನ್ನ ಬಳಿ ಬರುತ್ತಾರೆ. ಕಾನೂನಿನಲ್ಲಿ ಅವರು ನನ್ನ ಗುರುಗಳು, ಗಣಕದಲ್ಲಿ ನಾನು ಅವರಿಗೆ ಸಹಾಯಕ.

ಪುಟ ಸಾಕ್ಷ್ಯವಾಯಿತು. ಸೀರೆ? ಕೊಂಡಿಯಿಲ್ಲವೆಂದು ತೋರಿಸುವುದು ಸುಲಭವಿತ್ತು. ಎದುರು ಪಕ್ಷದ ವಕೀಲರು ಜಾಣರು. ಕೊಂಡಿಯಿಲ್ಲದಿದ್ದರೇನು, ನೇಯ್ದದ್ದು ಕೈಯಿಂದಲೇ ಎಂದರು. ಅಂಚನ್ನು ನೋಡಿದೆ. ಲಾಳಿಯಿಲ್ಲದ ಹೊಸ ಯಂತ್ರಮಗ್ಗವಾದರೆ ಹೊಕ್ಕಿನ ಎಳೆ ಪ್ರತಿ ಸಲವೂ ತುಂಡಾಗಿ ಅಂಚಿನಲ್ಲಿ ಕುಚ್ಚು ಬಿಡುತ್ತದೆ. ಆದರೆ ಲಾಳಿಯಿರುವ ವಿದ್ಯುತ್ ಮಗ್ಗದಲ್ಲಿ ಎಳೆ ಕೈಮಗ್ಗದಂತೆಯೇ ಹಿಂತಿರುಗುತ್ತದೆ. ಇವರದು ಲಾಳಿಯ ಮಗ್ಗ. ಆಗ ನೂಲೆಣಿಸುವ ಭೂತಗನ್ನಡಿ ತೆಗೆದುಕೊಂಡು ಎರಡೂ ಸೀರೆಗಳ ಮೇಲೆ ಗೇಣು ಗೇಣಿಗೆ ಹೊಕ್ಕಿನ ಎಳೆ ಎಣಿಸತೊಡಗಿದೆ. ಒಂದು ಸೀರೆಯಲ್ಲಿ ಎಲ್ಲಿ ಎಣಿಸಿದರೂ ಒಂದೇ ಲೆಕ್ಕ. ಇನ್ನೊಂದರಲ್ಲಿ ಒಂದು ಕಡೆಗೂ ಮತ್ತೊಂದು ಕಡೆಗೂ ಅಂಗುಲಕ್ಕೆ ನಾಲ್ಕೈದು ಎಳೆಗಳ ಅಂತರ. ಅಜ್ಜಿಯವರು ಅಲ್ಲಿಯವರೆಗೆ ಗೋಡೆಗೆ ಒರಗಿ ಸುಮ್ಮನೆ ಕುಳಿತಿದ್ದರು. ನನ್ನ ಹಾಳೆಯ ಮೇಲಿನ ಅಂಕೆಗಳನ್ನು ಓದಿ ಹೇಳಿದಾಗ ನಕ್ಕು, "ಹೌದಲ್ಲೋ ತಮ್ಮಾ, ಮುಂಜಾನಿ ಕೈ ಬ್ಯಾರೆ, ಸಂಜೀ ಕೈ ಬ್ಯಾರೆ. ಜ್ವರ ಬಂದ ದಿವಸದ್ದು ಇನ್ನೂ ಬ್ಯಾರೆ" ಎಂದರು.

11 ವರ್ಷ ನಾನು ಕೆಂಪು ಬಣ್ಣ ಬಳಿದು ಆಚೆಗಿಟ್ಟದ್ದು ಇಂಥ ಅಂತರವನ್ನೇ. ಕಾರ್ಖಾನೆಯಲ್ಲಿ ದೋಷವೆನಿಸಿದ್ದು ನ್ಯಾಯಾಲಯದಲ್ಲಿ ಸಹಿಯಾಯಿತು. ಪರಿಣಿತ ಸಾಕ್ಷಿಯ ಮೂಲಕ ಎರಡೂ ಸೀರೆಗಳ ಎಣಿಕೆಯನ್ನು ಕೋಷ್ಟಕ ಮಾಡಿ, ರೇಖಾಚಿತ್ರ ಬರೆಸಿ ಹಾಜರುಪಡಿಸಿದೆವು. ಒಂದರ ರೇಖೆ ದಾರ ಕಟ್ಟಿದಂತೆ ನೆಟ್ಟಗೆ, ಇನ್ನೊಂದರದು ಉಸಿರಾಡಿದಂತೆ ಏರಿಳಿತ. ವಾದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಇಳಕಲ್ಲ ಎಂಬ ಹೆಸರನ್ನು ಆ ಸರಕಿಗೆ ಬಳಸುವುದಿಲ್ಲವೆಂದು ಎದುರು ಪಕ್ಷದವರು ನ್ಯಾಯಾಲಯಕ್ಕೆ ಲಿಖಿತ ಮುಚ್ಚಳಿಕೆ ಕೊಟ್ಟರು.

ಇಲ್ಲಿಗೆ ಲೇಖನ ಮುಗಿಸಿದ್ದರೆ ಗೆಲುವಿನ ಕಥೆಯಾಗುತ್ತಿತ್ತು. ಆದರೆ ಕೆಲವೇ ತಿಂಗಳಲ್ಲಿ ಅದೇ ಸೀರೆಗಳು ಅದೇ ಚಿತ್ರಗಳೊಡನೆ 'ಇಳಕಲ್ಲ ಮಾದರಿಯ ಸೀರೆ' ಎಂಬ ಹೆಸರಿನಲ್ಲಿ ಮತ್ತೆ ಮಾರಾಟಕ್ಕೆ ಬಂದವು. ಜಾಗತಿಕ ವ್ಯಾಪಾರ ಒಪ್ಪಂದವು 1995ರಿಂದ ಮದ್ಯಗಳಿಗೆ ಒಂದು ವಿಶೇಷ ರಕ್ಷಣೆ ಕೊಟ್ಟಿದೆ. ಫ್ರಾನ್ಸಿನ ಒಂದು ಊರಿನ ಹೆಸರನ್ನು ದ್ರಾಕ್ಷಾಮದ್ಯಕ್ಕೆ 'ಮಾದರಿ', 'ಅನುಕರಣ' ಎಂದು ಸೇರಿಸಿಯೂ ಬಳಸುವಂತಿಲ್ಲ. ಸೀರೆ, ಗೊಂಬೆ, ಮೆಣಸಿನಕಾಯಿಗಳಿಗೆ ಆ ಒಪ್ಪಂದದಲ್ಲಿ ಅಷ್ಟು ಗೌರವವಿಲ್ಲ. ಕೊಳ್ಳುವವರಿಗೆ ಮೋಸವಾಗುತ್ತದೆಂದು ನಾವು ಸಿದ್ಧಪಡಿಸಬೇಕು. ನಮ್ಮ ಕಾಯಿದೆಯ 22ನೆಯ ಕಲಮಿನಲ್ಲಿ ಕೇಂದ್ರ ಸರ್ಕಾರವು ಅಧಿಸೂಚನೆಯ ಮೂಲಕ ಬೇರೆ ಸರಕುಗಳಿಗೂ ಇಂಥ ಹೆಚ್ಚಿನ ರಕ್ಷಣೆ ಕೊಡಬಹುದೆಂದು ಇದೆ. ಆ ದಾರಿಯಲ್ಲಿ ಮನವಿ ಬರೆಯುತ್ತಿದ್ದೇನೆ. ಹೆಂಡದ ಸೀಸೆಗೆ ಇರುವ ಮಾನ ನಮ್ಮ ತಾಯಂದಿರ ಸೆರಗಿಗೆ ಇಲ್ಲವೆಂಬುದನ್ನು, ಇಳಕಲ್ಲಿನ ಪೂಜ್ಯ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಯಿಂದ ದುಶ್ಚಟಗಳ ಭಿಕ್ಷೆ ಬೇಡಿದ ಊರಿನಲ್ಲಿ ನಿಂತು ಹೇಳಬೇಕಾದಾಗ ನಾಲಿಗೆ ಕಹಿಯಾಗುತ್ತದೆ.

ಯಂತ್ರಮಗ್ಗದ ಮೇಲೆ ನನಗೆ ದ್ವೇಷವಿಲ್ಲವೆಂದು ಇಲ್ಲಿ ಸ್ಪಷ್ಟಪಡಿಸಬೇಕು. ನಾನು ಯಂತ್ರದ ಅನ್ನ ಉಂಡವನು. ವಿದ್ಯುತ್ ಮಗ್ಗದ ಮುಂದೆ ಹನ್ನೆರಡು ತಾಸು ನಿಲ್ಲುವ ಕೂಲಿಕಾರನೂ ಬಡವನೇ. ಆ ಅಜ್ಜನವರ ಕಿರಿಯ ಮಗನೇ ಅಂಥ ಮಗ್ಗದಲ್ಲಿ ದುಡಿಯುತ್ತಾನೆ. ಸೀರೆಯೂ ಸೇರಿದಂತೆ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಕಾಯ್ದಿರಿಸುವ 1985ರ ಕಾಯಿದೆಯನ್ನು ಸರ್ವೋಚ್ಚ ನ್ಯಾಯಾಲಯ 1993ರಲ್ಲಿ ಎತ್ತಿಹಿಡಿದಿದ್ದರೂ, ಪ್ರತಿ ಮಗ್ಗದ ಹಿಂದೆ ಪೊಲೀಸರನ್ನು ನಿಲ್ಲಿಸುವುದು ಆಗುವ ಮಾತಲ್ಲ, ಆಗಬೇಕೆಂದೂ ನಾನು ಬಯಸೆ. ಯಂತ್ರದ ಸೀರೆ ಯಂತ್ರದ ಸೀರೆಯೆಂಬ ಹೆಸರಿನಲ್ಲಿಯೇ ಮಾರಾಟವಾಗಲಿ ಎಂಬಷ್ಟೇ ನಮ್ಮ ವಾದ.

ಇದಕ್ಕಿಂತ ಬಿಗಿಯಾದ ಗಂಟು ಇನ್ನೊಂದಿದೆ. ದಾವೆ ಮುಗಿದ ಮೇಲೆ ಅಜ್ಜನವರು, ಈ ಜಿಐಯಿಂದ ತಮಗೇನು ಬಂತು ಎಂದು ಕೇಳಿದರು. ಅವರು ನೇಯುವುದು ಸಾವಕಾರರ ನೂಲಿನಿಂದ. ಸೀರೆಯೂ ಸಾವಕಾರರದೇ, ಇವರಿಗೆ ಸಿಗುವುದು ಸೀರೆಗಿಷ್ಟೆಂದು ಕೂಲಿ. ಕಾಯಿದೆಯ ವ್ಯಾಖ್ಯೆಯಲ್ಲಿ 'ಉತ್ಪಾದಕ' ಎಂದರೆ ವಸ್ತುವನ್ನು ತಯಾರಿಸುವವನು ಮಾತ್ರವಲ್ಲ, ಅದರ ವ್ಯಾಪಾರ ಮಾಡುವವನೂ ಉತ್ಪಾದಕನೇ. ಉತ್ಪಾದಕನೆಂದು ಅಧಿಕೃತ ಬಳಕೆದಾರನ ಪಟ್ಟಿಗೆ ಹೆಸರು ಸೇರಿದರೆ ದಾವೆಯ ಹಕ್ಕು, ಚಿಹ್ನೆಯ ಹಕ್ಕು. ಓದು ಬಲ್ಲ ವ್ಯಾಪಾರಸ್ಥರಿಗೆ ಆ ಅರ್ಜಿ ಸುಲಭ. ಐವತ್ತು ವರ್ಷ ಗುಣಿಯಲ್ಲಿ ಕಾಲಿಳಿಬಿಟ್ಟು ನೇಯ್ದವನು ಅರ್ಜಿ ಹಾಕಲು ಅಡ್ಡಿಯಿಲ್ಲ, ಆದರೆ ಅವನಿಗೆ ಹೇಳುವವರಿಲ್ಲ. ಸೀರೆ ನಿನ್ನದಲ್ಲ, ನೀನು ಹೇಗೆ ಉತ್ಪಾದಕ ಎಂದು ಯಾರಾದರೂ ಗದರಿಸಿದರೆ ಅವನು ಸುಮ್ಮನಾಗುತ್ತಾನೆ. ತಯಾರಿಸುವವನು ಎಂಬ ಶಬ್ದದ ಮುಂದೆ ಕಾಯಿದೆಯಲ್ಲಿ 'ಮಾಲೀಕ' ಎಂದಿಲ್ಲ. ಅದನ್ನೇ ಹಿಡಿದು ನಾವು ಈಗ ಕೂಲಿ ನೇಕಾರರ ಅರ್ಜಿಗಳನ್ನು ತಯಾರಿಸುತ್ತಿದ್ದೇವೆ. ಇಳಕಲ್ಲಿನಿಂದ ಒಂಬತ್ತು, ಹುನಗುಂದ ಕಡೆಯ ಹಳ್ಳಿಗಳಿಂದ ಎರಡು ಆಗಿವೆ. ನನ್ನ ಕಚೇರಿಯಲ್ಲಿ ಕೆಲಸ ಕಲಿಯುತ್ತಿರುವ ಇಬ್ಬರು ಹುಡುಗಿಯರು, ಇಬ್ಬರೂ ಇಂಜಿನಿಯರಿಂಗ್ ಪದವೀಧರೆಯರು, ಭಾನುವಾರ ಬಸ್ಸು ಹತ್ತಿ ಹೋಗಿ ಮಗ್ಗದ ಅಳತೆ, ಚಿತ್ರ, ನೇಕಾರರ ಹೇಳಿಕೆ ತರುತ್ತಾರೆ. ಇವಕ್ಕೆ ನಾವು ಫೀಸು ತೆಗೆದುಕೊಳ್ಳುವುದಿಲ್ಲ. ಪ್ರಸಾದನಿಲಯದ ಋಣ ಇನ್ನೂ ಬಾಕಿ ಇದೆ.

ಹನ್ನೆರಡನೆಯ ಅರ್ಜಿ ಆ ಅಜ್ಜಿಯವರದು. ಮಗ್ಗದ ಮೇಲೆ ಕೂಡುವವರು ಅಜ್ಜನವರು, ಆದುದರಿಂದ ಅವರದೊಂದೇ ಸಾಕಲ್ಲವೆ ಎಂದು ಜೊತೆಗೆ ಬಂದ ಅಳಿಯ ಕೇಳಿದ. ಕೊಂಡಿ ಹಾಕುವವರು ಯಾರು ಎಂದು ನಾನು ಕೇಳಿದೆ. ಕಂಡಿಕೆ ಸುತ್ತುವುದು, ಹಾಸು ತಯಾರಿಸುವುದು, ಕೊಂಡಿ ಹಾಕುವುದು ಅವರ ಮನೆಯಲ್ಲಿ ಅಜ್ಜಿಯವರ ಕೆಲಸ, ಮದುವೆಯಾಗಿ ಬಂದ ವರ್ಷದಿಂದ. ಇಳಕಲ್ಲ ಸೀರೆಯನ್ನು ಇಳಕಲ್ಲ ಸೀರೆಯನ್ನಾಗಿ ಮಾಡುವ ಆ ಒಂದು ಕ್ರಿಯೆ ಯಾರ ಬೆರಳಿನದೋ ಅವರ ಹೆಸರು ತಯಾರಕರ ಅಂಕಣದಲ್ಲಿ ಬರದಿದ್ದರೆ ಹೇಗೆ? ಅರ್ಜಿಯ ಜೊತೆ ಲಗತ್ತಿಸಲು ಅವರು ಮಾಡುವ ಕೆಲಸದ ವರ್ಣನೆಯನ್ನು ಒಂದೂವರೆ ಪುಟ ಬರೆದು, ಅವರಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು. ಎಳೆ ಹೊಸೆಯುವಾಗ ಜಾರಬಾರದೆಂದು ಬೆರಳಿಗೆ ಒಲೆಯ ಬೂದಿ ಹಚ್ಚಿಕೊಳ್ಳುತ್ತೇನೆ, ಅದನ್ನೂ ಬರಿ ಎಂದರು. ಬರೆದೆ. ಹೆಬ್ಬೆಟ್ಟು ಒತ್ತುತ್ತಾರೇನೋ ಎಂದು ಹುಡುಗಿಯೊಬ್ಬಳು ಮಸಿಯ ದಿಂಡು ಮುಂದಿಟ್ಟಳು. ಅವರು ಅದನ್ನು ಪಕ್ಕಕ್ಕೆ ಸರಿಸಿ, ಪೆನ್ನು ಕೇಳಿ ತೆಗೆದುಕೊಂಡು, ನಿಧಾನವಾಗಿ ದುಂಡಗೆ ತಮ್ಮ ಪೂರ್ತಿ ಹೆಸರು ಬರೆದರು. ಅರ್ಜಿ ಈಗ ಚೆನ್ನೈಯ ಕಚೇರಿಯಲ್ಲಿದೆ.